ತಮ್ಮನಿಗೂ ಹೇಳಿ

ಡ್ರೈವಿಂಗ್ ಕಲಿಸುವ ಕಾರಿಗೆ ಎರಡು ಬ್ರೇಕು. ಒಂದು ಕಲಿಯುವವರ ಕಾಲಡಿಗೆ, ಇನ್ನೊಂದು ಪಕ್ಕದಲ್ಲಿ ಕೂತು ಕಲಿಸುವವರ ಕಾಲಡಿಗೆ. ಆ ಎರಡನೆಯ ಬ್ರೇಕಿನ ಮೇಲೆ ಇಪ್ಪತ್ತೆರಡು ವರ್ಷ ಕಾಲಿಟ್ಟು ಕೂತವಳಿಗೆ, ಕಲಿತು ಹೋದವರೆಲ್ಲ ಸೇರಿ ಬ್ರೇಕಕ್ಕ ಎಂದು ಹೆಸರಿಟ್ಟಿದ್ದರು. ಹೆಸರಿನ ಬಗ್ಗೆ ಅವಳಿಗೇನೂ ಬೇಸರವಿರಲಿಲ್ಲ. ಊರಿನ ಎಷ್ಟೋ ಬೇಲಿ, ಎಷ್ಟೋ ಗೋಡೆ, ಎಷ್ಟೋ ಮಂಡಿಚಿಪ್ಪು ತನ್ನ ಬಲಗಾಲಿನ ಪುಣ್ಯದಿಂದ ಉಳಿದುಕೊಂಡಿವೆ ಎಂದು ತಾನೇ ಹೇಳಿಕೊಳ್ಳುತ್ತಿದ್ದಳು.

ಆ ಬಲಗಾಲು ಈಗ ಕೆಲವು ತಿಂಗಳಿಂದ ಕಾರಿನ ಹೊರಗೂ ಸುಮ್ಮನಿರುತ್ತಿರಲಿಲ್ಲ. ಊಟಕ್ಕೆ ಕೂತರೆ ಮೇಜಿನ ಕೆಳಗೆ ನೆಲ ಒತ್ತುತ್ತಿತ್ತು. ಮಲಗಿದರೆ ಮಂಚದ ಕೊನೆಯ ಹಲಗೆ ಒತ್ತುತ್ತಿತ್ತು. ಗಂಡ ಪುಸ್ತಕಗಳಿಗೆ ರಟ್ಟು ಕಟ್ಟುವ ಕಸುಬಿನವನು. ಅಂಟು ಒಣಗುವ ತನಕ ಕಾಯುವುದನ್ನೇ ಬದುಕು ಮಾಡಿಕೊಂಡವನು. ಒಂದು ಮಧ್ಯಾಹ್ನ ತಟ್ಟೆಯಿಂದ ಕಣ್ಣೆತ್ತದೆ ಹೇಳಿದ:

"ಎಷ್ಟೇ ಒತ್ತಿದ್ರೂ ಮನೆ ನಿಲ್ಲಲ್ಲ ಕಣೆ. ಅದು ಆಗ್ಲೇ ನಿಂತಿದೆ."

"ನಿಮಗೆ ಎಲ್ಲಾ ತಮಾಷೆ."

"ಆಸ್ಪತ್ರೆಯಿಂದ ಇವತ್ತೂ ಫೋನ್ ಬಂದಿತ್ತು."

ಬ್ರೇಕಕ್ಕ ಅರ್ಧ ಊಟಕ್ಕೇ ಎದ್ದು, ತೊಳೆದಿಟ್ಟ ಪಾತ್ರೆಯನ್ನೇ ಇನ್ನೊಮ್ಮೆ ತೊಳೆಯತೊಡಗಿದಳು.

ಇದು ಶುರುವಾದದ್ದು ಹಿಂದಿನ ಚಳಿಗಾಲದಲ್ಲಿ. ಬೆಳಿಗ್ಗೆ ಬಚ್ಚಲಿಗೆ ಹೋದಾಗ ರಕ್ತ ಕಂಡಿತು. ಇಡೀ ದಿನ ಸೀಟಿನ ಮೇಲೆ ಕೂತು ಮೂಲವ್ಯಾಧಿಯಾಗಿದೆ ಎಂದು ತಾನೇ ಡಾಕ್ಟರಾಗಿ ತೀರ್ಪು ಕೊಟ್ಟುಕೊಂಡು ನಾಲ್ಕು ತಿಂಗಳು ತಳ್ಳಿದಳು. ಆಮೇಲೆ ಆಫೀಸಿನ ಹದಿನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರತೊಡಗಿತು. ರಕ್ತ ಪರೀಕ್ಷೆ ಮಾಡಿದವರು ಕೊಲೊನೊಸ್ಕೋಪಿ ಮಾಡಿಸಿ ಎಂದರು. ಅಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಹಿಂಬದಿಯಿಂದ ಬಿಟ್ಟು ದೊಡ್ಡ ಕರುಳನ್ನೆಲ್ಲ ಒಳಗಿನಿಂದಲೇ ನೋಡುವುದು. ನಾಚಿಕೆಯಿಂದ ಅರ್ಧ, ಹೆದರಿಕೆಯಿಂದ ಅರ್ಧ ಸತ್ತು ಮಲಗಿದವಳು ಎದ್ದಾಗ ಎಲ್ಲ ಮುಗಿದಿತ್ತು. ಒಂದು ವಾರದ ಮೇಲೆ ವರದಿ ಬಂತು. ಡಾಕ್ಟರು ಅವಳಿಗಿಂತ ಹದಿನೈದು ವರ್ಷ ಚಿಕ್ಕ ಹೆಂಗಸು. ಮಾತು ನೇರ, ದನಿ ಮೆತ್ತಗೆ.

"ಮೂರು ಗಂಟು ಸಿಕ್ಕಿದ್ವು. ಪಾಲಿಪ್ ಅಂತೀವಿ. ಎರಡು ಕಾಳಿನಷ್ಟು ಸಣ್ಣವು. ಇನ್ನೊಂದು ನಿಮ್ಮ ಹೆಬ್ಬೆರಳ ತುದಿಗಿಂತ ದೊಡ್ಡದು. ಚಪ್ಪಟೆಯಾಗಿ ಹರಡಿತ್ತು, ಅದಕ್ಕೇ ತುಂಡು ತುಂಡಾಗಿ ತೆಗೀಬೇಕಾಯ್ತು."

"ಕ್ಯಾನ್ಸರಾ?"

"ಅಲ್ಲ. ಆದ್ರೆ ಆ ದಾರಿ ಹಿಡಿದಿತ್ತು. ಇಂಥವೆಲ್ಲ ಕ್ಯಾನ್ಸರ್ ಆಗೇ ಆಗ್ತವೆ ಅಂತಿಲ್ಲ. ಯಾವುದು ಆಗುತ್ತೆ, ಯಾವುದು ಆಗಲ್ಲ ಅಂತ ಮೊದಲೇ ಹೇಳಕ್ಕಾಗಲ್ಲ. ಅದಕ್ಕೇ ಸಿಕ್ಕಿದ್ದನ್ನೆಲ್ಲ ತೆಗೆದುಬಿಡ್ತೀವಿ."

"ತೆಗೆದಾಯ್ತಲ್ಲ. ಹಾಗಾದ್ರೆ ಮುಗೀತು."

"ಮುಗಿದಿಲ್ಲ. ತುಂಡಾಗಿ ತೆಗೆದ ಕಡೆ ಚೂರು ಉಳಿದಿದ್ರೆ ಮತ್ತೆ ಬೆಳೆಯುತ್ತೆ. ಆರು ತಿಂಗಳಿಗೆ ಬನ್ನಿ, ಆ ಜಾಗ ನೋಡ್ಬೇಕು. ಆಮೇಲೆ ಒಂದು ವರ್ಷಕ್ಕೆ, ಆಮೇಲೆ ಮೂರು ವರ್ಷಕ್ಕೆ. ಈ ಕರುಳಿಗೆ ಗಂಟು ಬೆಳೆಸೋ ಚಾಳಿ ಇದೆ. ನಾವು ಅದರ ಬೆನ್ನು ಬಿಡಬಾರದು." ಆಮೇಲೆ ಕೇಳಿದರು, "ಮನೇಲಿ ಬೇರೆ ಯಾರಿಗಾದ್ರೂ ಇತ್ತಾ?"

"ನಮ್ಮಪ್ಪಂಗೆ. ಕರುಳಿನ ಕ್ಯಾನ್ಸರ್. ಅದರಲ್ಲೇ ಹೋದ್ರು."

ಬರೆಯುತ್ತಿದ್ದ ಪೆನ್ನು ನಿಂತಿತು. "ಒಡಹುಟ್ಟಿದವರು?"

"ಒಬ್ಬ ತಮ್ಮ ಇದ್ದಾನೆ. ನಲವತ್ತೇಳು ವರ್ಷ."

"ತಮ್ಮನಿಗೂ ಹೇಳಿ. ಈ ವಾರಾನೇ ಹೇಳಿ. ಏನೂ ತೊಂದರೆ ಇಲ್ದಿದ್ರೂ ಅವರು ಪರೀಕ್ಷೆ ಮಾಡಿಸ್ಕೊಳ್ಳೇಬೇಕು."

"ಹೇಳ್ತೀನಿ" ಎಂದು ಬ್ರೇಕಕ್ಕ ತಲೆಯಾಡಿಸಿ ಎದ್ದಳು. ಹೇಳಲಿಲ್ಲ.

ಯಾಕೆಂದರೆ ಅಕ್ಕ ತಮ್ಮನ ನಡುವೆ ಮಾತು ನಿಂತು ಒಂಬತ್ತು ವರ್ಷವಾಗಿತ್ತು. ಅಪ್ಪ ತಮ್ಮನ ಮನೆಯಲ್ಲಿದ್ದರು. ಅಪ್ಪನಿಗೆ ರಕ್ತ ಹೋಗುತ್ತಿದ್ದದ್ದು ತಮ್ಮನಿಗೆ ವರ್ಷದಿಂದ ಗೊತ್ತಿತ್ತು. ಯಾರಿಗೂ ಹೇಳಬೇಡವೆಂದು ಅಪ್ಪ ಆಣೆ ಹಾಕಿಸಿಕೊಂಡಿದ್ದರಂತೆ. ವಿಷಯ ಹೊರಬಿದ್ದಾಗ ರೋಗ ಯಕೃತ್ತಿಗೆ ಹೋಗಿತ್ತು. ನಾಲ್ಕೇ ತಿಂಗಳು. ಅಪ್ಪ ಹೋದ ದಿನ ಮನೆ ತುಂಬ ಜನ ಕೂತಿದ್ದಾಗ ಬ್ರೇಕಕ್ಕ ತಮ್ಮನ ಎದುರು ನಿಂತು, "ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ. ಅಪ್ಪನ್ನ ಕಳಿಸಿದ್ದು ಕಾಯಿಲೆ ಅಲ್ಲ, ನೀನು" ಎಂದುಬಿಟ್ಟಿದ್ದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಮ್ಮ ಅಂದು ತಿರುಗಿ ಒಂದು ಮಾತೂ ಆಡದೆ ಹೊರಗೆ ಹೋದವನು, ಆಮೇಲೂ ಆಡಲಿಲ್ಲ. ಇದ್ದದ್ದು ಒಂದೇ ಊರು, ನಡುವೆ ಒಂದು ರೈಲು ಹಳಿ.

ಅವನಿಗೆ ಯಾವ ಮುಖ ಇಟ್ಟುಕೊಂಡು ಹೇಳುವುದು? ನಾಳೆ ಎಂದಳು. ನಾಳೆ ಬಂದಾಗ ನಾಡಿದ್ದು ಎಂದಳು. ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅಷ್ಟರಲ್ಲಿ ತನ್ನ ಆರು ತಿಂಗಳೂ ಬಂತು. ಒಮ್ಮೆ ಕಲಿಯುವವರ ಲೈಸೆನ್ಸ್ ಟೆಸ್ಟ್ ಇದೆ ಎಂದು ದಿನ ಮುಂದೂಡಿದಳು. ಇನ್ನೊಮ್ಮೆ ಕಾರು ಗ್ಯಾರೇಜಿಗೆ ಹೋಗಿದೆ ಎಂದಳು. ಕಾರಿಗೂ ಕರುಳಿಗೂ ಏನು ಸಂಬಂಧ ಎಂದು ಫೋನಿನ ಆಚೆಯ ಹುಡುಗಿ ಕೇಳಲಿಲ್ಲ. ಪಾಪ, ಒಳ್ಳೆಯ ಹುಡುಗಿ.

ಹೇಳಲು ಆಗಲಿಲ್ಲ ನಿಜ, ಆದರೆ ಸುಮ್ಮನಿರಲೂ ಆಗಲಿಲ್ಲ. ಆ ದಿನಗಳಲ್ಲಿ ಅವಳ ಹತ್ತಿರ ಕಲಿಯುತ್ತಿದ್ದವರಲ್ಲಿ ಒಬ್ಬರು ನಿವೃತ್ತ ಲೆಕ್ಕದ ಮೇಷ್ಟ್ರು. ಅರವತ್ತೆರಡನೆಯ ವಯಸ್ಸಿನಲ್ಲಿ ಕಾರು ಕಲಿಯಲು ಹೊರಟವರು, ಗೇರು ಬದಲಿಸುವ ಮೊದಲು ಬಾಯಿಬಿಟ್ಟು ಮೂರು ಎಣಿಸುವವರು. ಅವರ ಪಾಠಕ್ಕೆ ಬ್ರೇಕಕ್ಕ ಹಳಿ ದಾಟಿಸಿ ಒಂದು ಇಕ್ಕಟ್ಟಿನ ರಸ್ತೆಗೆ ಕರೆದೊಯ್ಯುತ್ತಿದ್ದಳು. ಆ ರಸ್ತೆಯ ನಡುವೆ ತಮ್ಮನ ಗಾಜಿನ ಅಂಗಡಿ. ಅಂಗಡಿ ಹತ್ತಿರ ಬಂದಾಗ ಅವಳು ಆಚೆ ಮುಖ ಮಾಡಿ ಕೂರುತ್ತಿದ್ದಳು. ದಾಟಿದ ಮೇಲೆ ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದಳು. ಬಾಗಿಲಲ್ಲಿ ಅವನು ಕಂಡರೆ ಎದೆ ಹಾರುತ್ತಿತ್ತು. ಕಾಣದಿದ್ದರೆ ಇನ್ನೂ ಜೋರಾಗಿ ಹಾರುತ್ತಿತ್ತು: ಎಲ್ಲಿ ಹೋದ, ಹುಷಾರಿಲ್ಲವೇ?

"ನಿನ್ನೇನೂ ಇದೇ ರಸ್ತೆ, ಮೊನ್ನೇನೂ ಇದೇ ರಸ್ತೆ" ಎಂದರು ಮೇಷ್ಟ್ರು ಒಂದು ದಿನ.

"ಇಕ್ಕಟ್ಟಲ್ಲಿ ಓಡಿಸಿ ಅಭ್ಯಾಸ ಆದ್ರೆ ಎಲ್ಲಾ ಕಡೆ ಓಡಿಸ್ಬಹುದು, ಮೇಷ್ಟ್ರೇ."

"ಇಕ್ಕಟ್ಟು ನನಗಾ, ನಿಮಗಾ?"

ಆ ಹೊತ್ತಿಗೆ ಅವಳ ಕಣ್ಣು ಅಂಗಡಿಯ ಬಾಗಿಲನ್ನು ಹುಡುಕುತ್ತಿತ್ತು. ಅದಕ್ಕೇ ಅಂಗಡಿ ಮುಂದೆ ನಿಂತಿದ್ದ ಲಾರಿ ಕಂಡಿತೇ ಹೊರತು, ಲಾರಿಯಿಂದ ಆಳೆತ್ತರದ ಗಾಜೊಂದನ್ನು ಇಳಿಸಿ ರಸ್ತೆ ದಾಟಿಸುತ್ತಿದ್ದ ಇಬ್ಬರು ಆಳುಗಳು ಕಾಣಲಿಲ್ಲ. ಕಂಡಾಗ ಮೇಷ್ಟ್ರು "ಒಂದು, ಎರಡು..." ಎನ್ನುತ್ತಿದ್ದರು. ಮೂರಕ್ಕೆ ಬ್ರೇಕಕ್ಕನ ಕಾಲು ಬ್ರೇಕನ್ನು ನೆಲಕ್ಕೆ ಒತ್ತಿತು. ಕಾರು ಕೆಮ್ಮಿ, ಮುಗ್ಗರಿಸಿ, ಸತ್ತು ನಿಂತಿತು. ಗಾಜಿಗೂ ಕಾರಿನ ಮೂತಿಗೂ ನಡುವೆ ಒಂದು ಗೇಣು ಜಾಗ.

"ಯಾರ್ರೀ ಅದು, ಕಣ್ಣು ಎಲ್ಲಿಟ್ಕೊಂಡಿದ್ದೀರಿ?" ಎಂದು ಒಳಗಿನಿಂದ ಓಡಿ ಬಂದ ತಮ್ಮ, ಕಾರಿನ ಮೇಲಿನ ಬೋರ್ಡು ನೋಡಿದ, ಅಕ್ಕನನ್ನು ನೋಡಿದ, ಬಾಯಿ ಮುಚ್ಚಿದ.

"ನನ್ನ ತಪ್ಪಲ್ಲ" ಎಂದರು ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿ. "ಇವರೇ ದಿನಾ ಇಲ್ಲಿಗೆ ಕರ್ಕೊಂಡು ಬರ್ತಾರೆ. ಇವತ್ತಿಗೆ ಹನ್ನೊಂದನೇ ಸಲ. ನಾನು ಲೆಕ್ಕ ಇಟ್ಟಿದ್ದೀನಿ."

ಹಿಂದೆ ಹಾರ್ನು ಶುರುವಾಯಿತು. ತಮ್ಮ ಕಾರನ್ನು ಪಕ್ಕಕ್ಕೆ ತಳ್ಳಿಸಿದ. ಆಮೇಲೆ ಒಳಗೆ ಹೋದ. ಬಾ ಎನ್ನಲಿಲ್ಲ, ಬಾಗಿಲು ಹಾಕಲೂ ಇಲ್ಲ. ಬ್ರೇಕಕ್ಕ ಹಿಂದೆಯೇ ಹೋದಳು.

ಅಂಗಡಿಯ ಎರಡೂ ಗೋಡೆಗೆ ಗಾಜಿನ ಹಾಳೆಗಳು ಅಂಚಿನ ಮೇಲೆ ಓರೆಯಾಗಿ ನಿಂತಿದ್ದವು. ನಡುವೆ ಉಣ್ಣೆ ಬಟ್ಟೆ ಹೊದಿಸಿದ ದೊಡ್ಡ ಮೇಜು, ಸೀಮೆಎಣ್ಣೆ ವಾಸನೆ. ತಮ್ಮ ಕತ್ತರಿಸುವ ಕಡ್ಡಿಯನ್ನು ಎಣ್ಣೆಗದ್ದಿ ಗಾಜಿನ ಮೇಲೆ ಗೀರು ಎಳೆಯುತ್ತ ನಿಂತ. ಬ್ರೇಕಕ್ಕನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಓಡಾಡ್ಬೇಡ. ಸುತ್ತ ಗಾಜಿದೆ" ಎಂದ ಅವನು. ಒಂಬತ್ತು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

ಅವಳು ನಿಂತಳು. ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ರಕ್ತ, ಕೊಳವೆ, ಮೂರು ಗಂಟು, ಅಪ್ಪನ ಕಾಯಿಲೆ, ಡಾಕ್ಟರ ಮಾತು. ಅವನು ಗೀರಿನ ಕೆಳಗೆ ಮೆಲ್ಲಗೆ ತಟ್ಟಿ ಗಾಜನ್ನು ಮುರಿದ. ಅದು ಟಿಕ್ ಎಂದು ನೆಟ್ಟಗೆ ಬಿಟ್ಟುಕೊಂಡಿತು.

"ನಂಗೇನೂ ಆಗಿಲ್ಲ. ಕಲ್ಲು ತಿಂದು ಕರಗಿಸ್ತೀನಿ."

"ನಂಗೂ ಹಾಗೇ ಅನ್ನಿಸಿತ್ತು."

"ಡಾಕ್ಟ್ರು ಯಾವಾಗ ಹೇಳಿದ್ದು ನಂಗೆ ಹೇಳು ಅಂತ?"

ಬ್ರೇಕಕ್ಕನ ನಾಲಿಗೆ ಅವಳಿಗಿಂತ ಮುಂದೆ ಓಡಿತು. "ಹೋದ ವಾರ."

ಅವನು ತಲೆ ಅಲ್ಲಾಡಿಸಿದ. ಆಮೇಲೆ ಕಡ್ಡಿ ಕೆಳಗಿಟ್ಟು, ಬಹಳ ದಿನದಿಂದ ಒಳಗೇ ಇಟ್ಟುಕೊಂಡದ್ದನ್ನು ತೆಗೆಯುವವನಂತೆ ನಿಧಾನವಾಗಿ ಹೇಳಿದ:

"ಅಪ್ಪಂದು ಮುಚ್ಚಿಟ್ಟೆ, ಒಪ್ಕೊತೀನಿ. ಆದ್ರೆ ನಿಂಗೆ ಒಂದ್ಸಲ ಫೋನ್ ಮಾಡಿದ್ದೆ. ಅಪ್ಪ ಇಳಿದು ಹೋಗ್ತಿದ್ದಾರೆ, ನನ್ನ ಮಾತು ಕೇಳಲ್ಲ, ನೀನು ಬಂದು ಗದರಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗು ಅಂದೆ. ಆಣೆ ಮುರೀದೆ ಎಷ್ಟು ಹೇಳಕ್ಕಾಗುತ್ತೋ ಅಷ್ಟು ಹೇಳಿದೆ. ನೀನೇನಂದೆ ನೆನಪಿದ್ಯಾ?"

ಅವಳಿಗೆ ನೆನಪಿರಲಿಲ್ಲ.

"ವಯಸ್ಸಾದ ಮೇಲೆ ಎಲ್ಲರೂ ಇಳೀತಾರೆ ಕಣೋ, ಈ ಬ್ಯಾಚಿನ ಟೆಸ್ಟ್ ಮುಗಿಸಿ ಬರ್ತೀನಿ ಅಂದೆ. ಬಂದಿದ್ದು ಎರಡು ತಿಂಗಳಾದ ಮೇಲೆ."

ಹೊರಗೆ ಮೇಷ್ಟ್ರು ಹಾರ್ನನ್ನು ಒಮ್ಮೆ ಮೆತ್ತಗೆ ಒತ್ತಿ, ಒತ್ತಿದ್ದಕ್ಕೆ ತಾವೇ ಸಂಕೋಚಪಟ್ಟುಕೊಂಡರು.

ಅಂದು ಬ್ರೇಕಕ್ಕ ಉಳಿದ ಪಾಠಗಳನ್ನೆಲ್ಲ ಕೈಬಿಟ್ಟು ಗಂಡನ ಕೆಲಸದ ಕೋಣೆಗೆ ಹೋದಳು. ಅವನು ಒತ್ತುಯಂತ್ರದ ಹಿಡಿ ತಿರುಗಿಸುತ್ತಿದ್ದ.

"ಅಪ್ಪ ಇದ್ದಾಗ, ವಿಷಯ ಗೊತ್ತಾಗೋಕೆ ಮೊದಲು, ತಮ್ಮ ಫೋನ್ ಮಾಡಿದ್ನಾ?"

"ಮಾಡಿದ್ದ. ನಾನೇ ಎತ್ತಿ ನಿನ್ನ ಕೈಗೆ ಕೊಟ್ಟಿದ್ದೆ."

"ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ವಲ್ಲ ನೀವು."

ಗಂಡ ಅಂಟು ಮೆತ್ತಿದ ಕೈಯನ್ನು ಬಟ್ಟೆಗೆ ಒರೆಸಿಕೊಂಡ. "ನೀನು ಮರೆತಿದ್ದೀಯ ಅಂತ ನಂಗೆ ಗೊತ್ತಿರ್ಲಿಲ್ಲ. ನೆನಪಿದ್ದೂ ಹಾಗಾಡ್ತಿದ್ದೀಯ ಅಂದ್ಕೊಂಡಿದ್ದೆ."

ಆ ಮಾತು ಅವಳನ್ನು ಕೂರಲು ಬಿಡಲಿಲ್ಲ. ಅಡುಗೆಮನೆಗೆ ಹೋದಳು, ಬಂದಳು. ಅಂಗಳಕ್ಕೆ ಹೋದಳು, ಬಂದಳು. ತನ್ನ ಗಂಡನ ಕಣ್ಣಲ್ಲಿ ಒಂಬತ್ತು ವರ್ಷ ತಾನು ಎಂಥವಳಾಗಿದ್ದೆ! ಅಷ್ಟಾದರೂ ಮನುಷ್ಯ ದಿನಾ ಬೆಳಿಗ್ಗೆ ತನಗೆ ಚಹಾ ಮಾಡಿಕೊಟ್ಟಿದ್ದಾನೆ. ಅಂಗಳದಲ್ಲೇ ನಿಂತು ಆಸ್ಪತ್ರೆಗೆ ಫೋನ್ ಮಾಡಿದಳು. "ಯಾವ ದಿನ ಬೇಗ ಇದೆಯೋ ಆ ದಿನ ಕೊಡಿ. ಕಾರು ಗ್ಯಾರೇಜಲ್ಲಿದ್ರೂ ಬರ್ತೀನಿ."

ಪರೀಕ್ಷೆಯಾದ ಮೇಲೆ ನರ್ಸ್ ಒಂದು ಚೀಟಿ ಕೈಗಿಟ್ಟಳು: ಇಪ್ಪತ್ತನಾಲ್ಕು ಗಂಟೆ ವಾಹನ ಓಡಿಸಬಾರದು. ಬ್ರೇಕಕ್ಕನ ಗಂಡನಿಗೆ ಸೈಕಲ್ ಬಿಟ್ಟು ಬೇರೆ ಗೊತ್ತಿಲ್ಲ. "ಊರಿಗೆಲ್ಲ ಕಲಿಸಿದ್ದೀಯ, ಮನೇಲೊಬ್ಬನಿಗೆ ಕಲಿಸಲಿಲ್ಲ" ಎಂದು ನಕ್ಕು ಅವನು ಬಾಡಿಗೆ ಕಾರು ಕರೆದ. ಅವಳಿಗೆ ನಗು ಬರಲಿಲ್ಲ. ಹಳೆಯ ಗಾಯದ ಅಂಚಿನಲ್ಲಿ ಚೂರು ಉಳಿದಿತ್ತು ಎಂದು ಡಾಕ್ಟರು ಹೇಳಿದ್ದರು. ಚಿಗುರಲು ಶುರುಮಾಡಿತ್ತಂತೆ. ತೆಗೆದು, ಆ ಜಾಗ ಸುಟ್ಟು, ತುಣುಕನ್ನು ಪರೀಕ್ಷೆಗೆ ಕಳಿಸಿದ್ದರು.

ವರದಿಗೆ ಹತ್ತು ದಿನ. ಮುಳ್ಳಿನ ಮೇಲೆ ಕೂತಂತೆ ಕಳೆದ ಹತ್ತು ದಿನ. ಫೋನು ಬಡಿದುಕೊಂಡರೆ ಎತ್ತಲು ಹೆದರಿಕೆ, ಬಡಿದುಕೊಳ್ಳದಿದ್ದರೆ ಕೆಟ್ಟಿದೆಯೇನೋ ಎಂಬ ಅನುಮಾನ. ಆಫೀಸಿನ ಗೋಡೆಯ ಮೇಲಿನ ಸಂಚಾರ ಚಿಹ್ನೆಗಳ ಪಟವನ್ನು ಎರಡು ಸಲ ಇಳಿಸಿ ಒರೆಸಿ ಮತ್ತೆ ಹಾಕಿದಳು. ತಪ್ಪು ಮಾಡದವರಿಗೂ ಬ್ರೇಕ್ ಹಾಕಿ ಬೈಸಿಕೊಂಡಳು. ಹನ್ನೊಂದನೆಯ ದಿನ ಡಾಕ್ಟರೇ ಫೋನ್ ಮಾಡಿದರು. ಅದೇ ಜಾತಿಯ ಗಂಟು, ಕ್ಯಾನ್ಸರ್ ಇಲ್ಲ. ಇನ್ನು ಆರು ತಿಂಗಳಿಗೆ ಮತ್ತೆ ಬರಬೇಕು.

"ಮತ್ತೆ ಆರೇ ತಿಂಗಳಾ? ಒಂದು ವರ್ಷ ಅಂದಿದ್ರಿ."

"ಚೂರು ಸಿಕ್ತಲ್ಲ, ಲೆಕ್ಕ ಮೊದಲಿಂದ. ತಮ್ಮನಿಗೆ ಹೇಳಿದ್ರಾ?"

"ಹೇಳಿದೆ" ಎಂದಳು. ಯಾವಾಗ ಹೇಳಿದೆ ಎಂದು ಅವರು ಕೇಳಲಿಲ್ಲ.

ಅದಾಗಿ ಎರಡು ವಾರಕ್ಕೆ, ಸಂಜೆ ನಾಲ್ಕರ ಹೊತ್ತಿಗೆ ತಮ್ಮನ ಹೆಂಡತಿಯ ಫೋನು ಬಂತು.

"ಅತ್ತಿಗೆ, ನಾನು. ನಾಳೆ ಬೆಳಿಗ್ಗೆ ಇವರಿಗೆ ಆ ಪರೀಕ್ಷೆ ಇದೆ. ಹೊಟ್ಟೆ ತೊಳೆಯೋ ಔಷಧಿ ನೀರು ಎರಡು ಲೋಟ ಕುಡಿದು, ಇನ್ನು ಸತ್ರೂ ಕುಡಿಯಲ್ಲ ಅಂತ ಕೂತಿದ್ದಾರೆ. ನಾನು ಹೇಳಿದ್ರೆ ಕೇಳ್ತಿಲ್ಲ."

"ಅವನು ನಂಗೇನೂ ಆಗಿಲ್ಲ ಅಂದಿದ್ನಲ್ಲ?"

"ನೀವು ಬಂದು ಹೋದ ದಿನಾನೇ ದಿನ ಗೊತ್ತು ಮಾಡ್ಕೊಂಡು ಬಂದ್ರು. ಯಾರಿಗೂ ಹೇಳ್ಬೇಡ ಅಂತ ನಂಗೆ ಹೇಳಿದ್ರು."

ಬ್ರೇಕಕ್ಕ ಹಳಿ ದಾಟಿ ಹತ್ತು ನಿಮಿಷದಲ್ಲಿ ಆ ಮನೆ ಬಾಗಿಲಲ್ಲಿದ್ದಳು. ಒಂಬತ್ತು ವರ್ಷದಲ್ಲಿ ಬಾಗಿಲಿನ ಬಣ್ಣ ಬದಲಾಗಿತ್ತು. ತಮ್ಮ ಅಡುಗೆಮನೆಯ ಮೇಜಿನ ಮುಂದೆ, ಹೂಜಿಯನ್ನು ಶತ್ರುವಿನಂತೆ ದಿಟ್ಟಿಸುತ್ತ ಕೂತಿದ್ದ.

"ಸಮುದ್ರದ ನೀರಿಗೆ ಸೋಪು ಕಲಸಿದ ಹಾಗಿದೆ" ಎಂದ.

"ನಾಲಿಗೆ ಮೇಲೆ ಇಟ್ಕೋಬೇಡ. ಮೂಗು ಹಿಡ್ಕೊಂಡು ಗಟಗಟ ಇಳಿಸು, ಆಮೇಲೆ ಒಂದು ಗುಟುಕು ಸಕ್ಕರೆ ನೀರು. ಹೂಂ. ಕಾಲು ಗಂಟೆಗೊಂದು ಲೋಟ. ನಾನು ಗಡಿಯಾರ ನೋಡ್ತೀನಿ."

"ನಾನೇನು ನಿನ್ನ ಕಾರು ಕಲಿಯೋಕೆ ಬಂದಿದ್ದೀನಾ?"

"ಅವರಾದ್ರೂ ಮಾತು ಕೇಳ್ತಾರೆ. ಕುಡಿ."

ಮೂರನೆಯ ಲೋಟಕ್ಕೆ ಔಷಧಿ ತನ್ನ ಕೆಲಸ ಶುರುಮಾಡಿತು. ಅವನು ಎದ್ದು ಓಡುವುದು, ಬರುವುದು. ಬಂದು ಕೂತು ಒಂದು ಮಾತು ಆಡುವಷ್ಟರಲ್ಲಿ ಮತ್ತೆ ಓಡುವುದು. ಒಂಬತ್ತು ವರ್ಷದ ಮಾತನ್ನು ಅಕ್ಕ ತಮ್ಮ ಹಾಗೆ ತುಂಡು ತುಂಡಾಗಿ ಆಡಿದರು. ಅವನ ಮಗಳು ಬೇರೆ ಊರಲ್ಲಿ ಓದುತ್ತಿದ್ದಾಳೆ ಎಂಬುದು ಒಂದು ಓಟಕ್ಕೆ ಮುಂಚೆ. ಯಾವ ಓದು ಎಂಬುದು ಓಟದ ಆಮೇಲೆ. ಒಮ್ಮೆ ಬಚ್ಚಲಿನ ಬಾಗಿಲ ಹಿಂದಿನಿಂದಲೇ ಕೂಗಿ ಕೇಳಿದ, "ಅಪ್ಪನೂ ಹೀಗೇ ಒಬ್ಬರೇ ಕೂತಿರ್ತಿದ್ರು ಅಲ್ವಾ, ಇದೇ ಬಚ್ಚಲಲ್ಲಿ?"

"ನೀನು ಆಚೆ ನಿಂತಿರ್ತಿದ್ದೆಯಲ್ಲ."

"ನಿಂತಿರ್ತಿದ್ದೆ. ಆಯ್ತಾ ಅಪ್ಪ ಅಂತ ಕೇಳ್ತಿದ್ದೆ. ಆಯ್ತು ಅಂತಿದ್ರು. ಅಷ್ಟೇ."

ಬ್ರೇಕಕ್ಕ ಗೋಡೆಗೆ ಒರಗಿ ನಿಂತಳು. ಹೋದ ವಾರವಲ್ಲ, ಆರು ತಿಂಗಳಾಗಿತ್ತು ಎಂದು ಆಗಲೇ ಹೇಳಬಹುದಿತ್ತು. ನಾಳೆ ಏನೂ ಇಲ್ಲ ಅಂತ ಬಂದುಬಿಟ್ಟರೆ ಹೇಳುವ ಅಗತ್ಯವೇ ಇರುವುದಿಲ್ಲ ಎಂದು ಮನಸ್ಸು ಪಿಸುಗುಟ್ಟಿತು. ಸುಮ್ಮನಾದಳು.

ಏನೂ ಇಲ್ಲ ಅಂತ ಬರಲಿಲ್ಲ. ನಾಲ್ಕು ಗಂಟು ಸಿಕ್ಕವು. ಒಂದಕ್ಕೆ ಅಣಬೆಯ ಹಾಗೆ ತೊಟ್ಟು ಇತ್ತು. ವರದಿಯಲ್ಲಿ ಆ ತೊಟ್ಟಿನೊಳಗೆ ಕ್ಯಾನ್ಸರ್ ಇಳಿದಿದೆ ಎಂದು ಬಂತು. ಡಾಕ್ಟರ ಕೋಣೆಯಲ್ಲಿ ತಮ್ಮ, ಅವನ ಹೆಂಡತಿ, ಬ್ರೇಕಕ್ಕ ಮೂವರೂ ಕೂತಿದ್ದರು.

"ಈಗಷ್ಟೇ ಶುರುವಾಗಿದೆ" ಎಂದರು ಡಾಕ್ಟರು. "ಆದ್ರೆ ಕತ್ತರಿಸಿದ ಅಂಚಿನವರೆಗೂ ಬಂದಿದೆ, ಅದಕ್ಕೇ ಕರುಳಿನ ಆ ಭಾಗ ಒಂದು ಗೇಣಷ್ಟು ತೆಗೀಬೇಕು. ಸ್ಕ್ಯಾನಲ್ಲಿ ಬೇರೆಲ್ಲೂ ಕಾಣ್ತಿಲ್ಲ. ಒಳ್ಳೆ ಹೊತ್ತಲ್ಲಿ ಬಂದಿದ್ದೀರಿ."

"ನಮ್ಮಕ್ಕ ಹೇಳಿದ್ದಕ್ಕೆ ಬಂದೆ" ಎಂದ ತಮ್ಮ. ಮುಖ ಸುಣ್ಣವಾಗಿತ್ತು, ಆದರೂ ಅಕ್ಕನ ಕಡೆ ಕೈ ತೋರಿಸಿದ.

ಬ್ರೇಕಕ್ಕನಿಗೆ ಕುರ್ಚಿ ಕೆಂಡವಾಯಿತು. ಎದ್ದು ಹೊರಗೆ ಬಂದು, ಗಾಲಿಕುರ್ಚಿ, ಮಂಚ, ಸಲೈನ್ ಬಾಟಲಿ ಹಿಡಿದವರ ನಡುವೆ ಆ ಉದ್ದನೆಯ ಮೊಗಸಾಲೆಯಲ್ಲಿ ಕೊನೆಯ ಕಿಟಕಿಯ ತನಕ ಹೋದಳು. ತಿರುಗಿದರೆ ತಮ್ಮ ಹಿಂದೆಯೇ ಬಂದಿದ್ದ.

"ಏನಾಯ್ತೆ? ಕಾಯಿಲೆ ನಂದು, ಓಡೋದು ನೀನು."

"ಹೋದ ವಾರ ಅಂದೆನಲ್ಲ ಅವತ್ತು. ಸುಳ್ಳು. ಡಾಕ್ಟ್ರು ಹೇಳಿ ಆರು ತಿಂಗಳ ಮೇಲಾಗಿತ್ತು. ಈ ವಾರಾನೇ ಹೇಳಿ ಅಂದಿದ್ರು. ನಾನು ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ದೆ."

ತಮ್ಮ ಕಿಟಕಿಯ ಗಾಜಿಗೆ ಬೆರಳು ಇಟ್ಟು, ಕಸುಬಿನ ಅಭ್ಯಾಸದಂತೆ ಅದರ ದಪ್ಪ ನೋಡಿದ. ಕೆಳಗೆ ಆಂಬುಲೆನ್ಸೊಂದು ಹಿಂದಕ್ಕೆ ಬರುತ್ತಿತ್ತು.

"ಬೈದುಬಿಡು" ಎಂದಳು ಅವಳು. "ಅವತ್ತು ನಾನಂದ ಮಾತೇ ನೀನೂ ಅನ್ನು. ತಡೀತೀನಿ."

"ಅದನ್ನ ಕೇಳಿಸ್ಕೊಂಡವನು ನಾನು. ಹೇಗಿರುತ್ತೆ ಅಂತ ಗೊತ್ತು. ಇನ್ನೊಬ್ಬರಿಗೆ ಅನ್ನೋ ಮಾತಲ್ಲ ಅದು." ಆಮೇಲೆ ಸೇರಿಸಿದ, "ಆದ್ರೆ ಕೋಪ ಇದೆ. ಇವತ್ತು ನನ್ನ ಜೊತೆ ಮಾತಾಡ್ಬೇಡ. ನಾಳೆ ಬಾ."

ಅವಳು ನಾಳೆ ಹೋದಳು. ನಾಡಿದ್ದೂ ಹೋದಳು. ಮೂರನೆಯ ದಿನ ಅವನು, "ಚಹಾ ಕುಡೀತೀಯಾ?" ಎಂದ.

ಶಸ್ತ್ರಚಿಕಿತ್ಸೆಗೆ ಮೂರೂವರೆ ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಬ್ರೇಕಕ್ಕ ಕೂರಲಿಲ್ಲ. ತಮ್ಮನ ಹೆಂಡತಿ ಕೊನೆಗೆ, "ಅತ್ತಿಗೆ, ನೀವು ನಡೀತಿದ್ರೆ ನಂಗೆ ತಲೆ ಸುತ್ತುತ್ತೆ" ಎಂದು ಕೈ ಹಿಡಿದು ಕೂರಿಸಿಕೊಂಡಳು. ತೆಗೆದ ಕರುಳಿನ ಜೊತೆಗೆ ಬಂದ, ರೋಗ ಹರಡಿದರೆ ಮೊದಲು ಸೇರುವ ಹದಿನಾರು ಗ್ರಂಥಿಗಳಲ್ಲಿ ಒಂದರಲ್ಲೂ ರೋಗವಿರಲಿಲ್ಲ. ಬೇರೆ ಚಿಕಿತ್ಸೆ ಬೇಡವೆಂದರು. ವರ್ಷಕ್ಕೆ ಮತ್ತೆ ಕೊಳವೆ ಬಿಟ್ಟು ನೋಡಬೇಕು. ಆ ಮಾತನ್ನು ಅಕ್ಕ ತಮ್ಮ ಇಬ್ಬರೂ ತಲೆಯೆತ್ತದೆ ಕೇಳಿಸಿಕೊಂಡರು. ಇನ್ನು ಬದುಕಿರುವವರೆಗೂ ಇದೇ. ಒಂದು ಸಲ ಏನೂ ಇಲ್ಲ ಎಂದರೆ ಮುಂದಿನ ಸಲದವರೆಗೆ ಉಸಿರಾಡಬಹುದು, ಅಷ್ಟೇ. ಬ್ರೇಕಕ್ಕನಿಗೆ ಇನ್ನು ನಾಲ್ಕು ತಿಂಗಳಿತ್ತು. ಹೆದರಿಕೆ ಹೋಗಿರಲಿಲ್ಲ, ಆದರೆ ದಿನ ಮುಂದೂಡುವ ಯೋಚನೆ ಮಾತ್ರ ಬರಲಿಲ್ಲ.

ತಮ್ಮ ಮನೆಗೆ ಬಂದ ಮೂರನೆಯ ವಾರ ಒಂದು ಬೆಳಿಗ್ಗೆ ಇಬ್ಬರೂ ಅವನ ಮುಂದಿನ ಕೋಣೆಯಲ್ಲಿ ಕೂತಿದ್ದರು. ಅವನು ಹೊಟ್ಟೆಗೆ ದಿಂಬು ಒತ್ತಿಕೊಂಡಿದ್ದ. ರಕ್ತಸಂಬಂಧಿಗಳಲ್ಲಿ ಯಾರ್ಯಾರಿಗೆ ತಿಳಿಸಬೇಕು ಎಂದು ಡಾಕ್ಟರು ಬರೆಸಿ ಕಳಿಸಿದ್ದರು. ಮಗಳಿಗೆ ಅವನು ಆಗಲೇ ಹೇಳಿದ್ದ. ಅವಳಿಗೆ ಅದಕ್ಕೆ ಇನ್ನೂ ವಯಸ್ಸಾಗಿಲ್ಲ, ಆದರೆ ಯಾವ ವಯಸ್ಸಿಗೆ ಶುರು ಮಾಡಬೇಕು ಎಂಬುದನ್ನು ಬರೆದುಕೊಂಡಿದ್ದಳು. ಮುಂದಿನ ಹೆಸರು ಅಪ್ಪನ ತಮ್ಮ, ಚಿಕ್ಕಪ್ಪ. ಎಪ್ಪತ್ತನಾಲ್ಕು ವರ್ಷ, ಅಂಚೆ ಇಲಾಖೆಯಿಂದ ನಿವೃತ್ತರು, ಮಹಾ ಹಟಮಾರಿ.

"ನೀನೇ ಮಾತಾಡು" ಎಂದ ತಮ್ಮ. "ನಂಗೆ ಜೋರಾಗಿ ಮಾತಾಡಿದ್ರೆ ಹೊಲಿಗೆ ಎಳೆಯುತ್ತೆ."

ಬ್ರೇಕಕ್ಕ ಇಬ್ಬರಿಗೂ ಕೇಳುವಂತೆ ಫೋನನ್ನು ಮೇಜಿನ ಮೇಲಿಟ್ಟಳು.

"ಚಿಕ್ಕಪ್ಪ, ಒಂದು ವಿಷಯ ಹೇಳ್ಬೇಕಿತ್ತು. ಗಾಬರಿ ಆಗ್ಬೇಡಿ."

"ಗಾಬರಿ ಆಗೋ ವಯಸ್ಸು ದಾಟಿದ್ದೀನಿ. ಹೇಳು."

ಅವಳು ಈ ಸಲ ಏನನ್ನೂ ಬಿಡದೆ, ತಾರೀಕಿನ ಸಮೇತ ಹೇಳಿದಳು. ಕೊನೆಗೆ, "ನೀವು ಅಪ್ಪನ ಒಡಹುಟ್ಟಿದವರು, ನೀವೂ ತೋರಿಸ್ಕೋಬೇಕಂತೆ. ನೋವೇನೂ ಆಗಲ್ಲ, ಮಲಗಿಸಿಬಿಡ್ತಾರೆ" ಎಂದಳು.

ಆ ಕಡೆ ಒಂದು ಕೆಮ್ಮು ಕೇಳಿಸಿತು.

"ಹಿಂದಿನಿಂದ ಕೊಳವೆ ಬಿಡ್ತಾರಲ್ಲ, ಅದಾ?"

"ಹೂಂ, ಅದೇ."

"ನಂಗೆ ನಾಲ್ಕು ಸಲ ಆಗಿದೆ. ನಿಮ್ಮಪ್ಪ ಹೋದ ವರ್ಷಾನೇ ಮೊದಲನೇದು. ಇಲ್ಲೀವರೆಗೆ ಏಳು ಗಂಟು ತೆಗೆದಿದ್ದಾರೆ."

ತಮ್ಮ ದಿಂಬು ಅವುಚಿಕೊಂಡು ನೆಟ್ಟಗೆ ಕೂತ. ಬ್ರೇಕಕ್ಕ ಫೋನನ್ನು ಹತ್ತಿರ ಎಳೆದುಕೊಂಡಳು.

"ನಮಗೆ ಯಾಕೆ ಹೇಳ್ಲಿಲ್ಲ ಚಿಕ್ಕಪ್ಪ?"

"ಹೇಗಮ್ಮಾ ಹೇಳೋದು? ನೀವಿಬ್ರೂ ಒಬ್ಬರ ಮುಖ ಒಬ್ಬರು ನೋಡ್ತಿರ್ಲಿಲ್ಲ. ಒಬ್ಬರಿಗೆ ಹೇಳಿದ್ರೆ ಇನ್ನೊಬ್ಬರಿಗೆ ಕೋಪ. ಅದಕ್ಕೇ ಇಬ್ಬರಿಗೂ ಹೇಳ್ಲಿಲ್ಲ."

ತಮ್ಮನಿಗೆ ನಗು ಬಂತು. ನಕ್ಕರೆ ಹೊಲಿಗೆ ಎಳೆಯಿತು. ಎಳೆದದ್ದಕ್ಕೆ ನರಳಿದ, ನರಳುತ್ತಲೇ ಇನ್ನಷ್ಟು ನಕ್ಕ. ಕಣ್ಣಲ್ಲಿ ನೀರು ಬಂದದ್ದು ಯಾವುದಕ್ಕೆ ಎಂದು ಅವನಿಗೇ ತಿಳಿಯಲಿಲ್ಲ. ಬ್ರೇಕಕ್ಕ ಎದ್ದು ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ಎರಡು ಸಲ ನಡೆದಳು. ಆಮೇಲೆ ಫೋನಿನ ಹತ್ತಿರ ಬಾಗಿದಳು.

"ಚಿಕ್ಕಪ್ಪ, ನಿಮ್ಮ ಮಕ್ಕಳಿಗೆ ಹೇಳಿದ್ದೀರಾ?"

ಆ ಕಡೆ ಮತ್ತೆ ಕೆಮ್ಮು.

"ಚಿಕ್ಕಪ್ಪ?"

"ಹೇಳ್ಬೇಕು ಹೇಳ್ಬೇಕು ಅಂತಾನೇ ಇದ್ದೀನಿ."

ತಮ್ಮ ಕಣ್ಣೊರೆಸಿಕೊಂಡು, ಮೇಜಿನ ಅಂಚಿನಲ್ಲಿದ್ದ ಪೆನ್ನನ್ನು ಅಕ್ಕನ ಕಡೆ ತಳ್ಳಿದ.

"ಅವರ ನಂಬರ್ ಕೊಡಿ" ಎಂದಳು ಬ್ರೇಕಕ್ಕ. "ದೊಡ್ಡವನದ್ದು ಮೊದಲು."